ಹಾಸನದಲ್ಲಿ ಕೂತು ಪಿಸಿಬಿ ಮಾಡಿಸುವುದು: ಚೀನಾ, ಗುಜರಾತ್, ಬೆಂಗಳೂರು ಮೂರೂ ಕಡೆ ಬಳಸಿ ನೋಡಿದ ಮೇಲೆ

ಪಿಸಿಬಿ ಅಂದರೆ ಎಲೆಕ್ಟ್ರಾನಿಕ್ ಪಾರ್ಟ್ಸ್ ಕೂರಿಸುವ, ತಾಮ್ರದ ಗೆರೆಗಳಿರುವ ಬೋರ್ಡ್. ಅದರ ಪ್ರೊಟೊಟೈಪ್, ಅಂದರೆ ಮೊದಲ ಮಾದರಿ, ಎಲ್ಲಿ ಮಾಡಿಸಬೇಕು ಅಂತ ಇಲ್ಲಿನ ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಆಗಾಗ ಕೇಳುತ್ತಾರೆ. ನಾನು ಮೊದಲು ದರ ಹೇಳುವುದಿಲ್ಲ. ಬೋರ್ಡ್ ಮಾಡುವ ಮುಂಚೆ ನಿಮ್ಮ ಫೈಲನ್ನು ಯಾರಾದರೂ ತೆರೆದು ನೋಡುತ್ತಾರಾ, ಅನುಮಾನ ಬಂದರೆ ನಿಮ್ಮನ್ನು ಕೇಳುತ್ತಾರಾ, ಮೊದಲು ಅದನ್ನು ತಿಳಿದುಕೊಳ್ಳಿ ಅನ್ನುತ್ತೇನೆ. ಕೆಲವು ವರ್ಷಗಳಿಂದ ಬೇರೆ ಬೇರೆ ಕಡೆ ಬೋರ್ಡ್ ಮಾಡಿಸಿದ್ದೇನೆ. ಬೆಲೆ, ಬಣ್ಣ, ಫಿನಿಶ್ (ತಾಮ್ರದ ಮೇಲಿನ ಲೇಪ) ಎಲ್ಲದಕ್ಕಿಂತ ಈ ಒಂದು ವಿಷಯವೇ ದೊಡ್ಡದು ಅಂತ ನನಗೆ ಖಾತ್ರಿಯಾಗಿದೆ.

ನನ್ನ ಕೆಲಸ ಪಂಪ್‌ಸೆಟ್ ಕಂಟ್ರೋಲರ್. ಆಲೂರು, ಬೇಲೂರು, ಸಕಲೇಶಪುರ ಕಡೆಯ ತೋಟಗಳಲ್ಲಿ ಮೋಟರ್ ಸ್ಟಾರ್ಟರ್ ಪಕ್ಕ ಕೂರುವ ಸಣ್ಣ ಡಬ್ಬಿ. ಮೊಬೈಲ್‌ನಿಂದ ಮೋಟರ್ ಆನ್ ಮಾಡಬಹುದು. ಮೂರರಲ್ಲಿ ಒಂದು ಫೇಸ್ ಹೋದರೆ ತಾನೇ ಆಫ್ ಆಗುತ್ತದೆ. ಒಂದೇ ಬೋರ್ಡಿನ ಒಂದು ಬದಿಯಲ್ಲಿ 415 ವೋಲ್ಟ್, ಇನ್ನೊಂದು ಬದಿಯಲ್ಲಿ 3.3 ವೋಲ್ಟ್‌ನಲ್ಲಿ ಓಡುವ ಇಎಸ್‌ಪಿ32 ಎಂಬ ವೈಫೈ ಚಿಪ್. ಅದಕ್ಕೇ ನಾನು ಸ್ವಲ್ಪ ಜಾಸ್ತಿ ಕಟ್ಟುನಿಟ್ಟು. ಬರೀ ಎಲ್‌ಇಡಿ ಮಿನುಗಿಸುವ ಬೋರ್ಡ್ ಆದರೆ ಕೆಳಗಿನ ಅರ್ಧ ಮಾತು ನಿಮಗೆ ಬೇಕಾಗುವುದಿಲ್ಲ.

ಚೀನಾದಿಂದ ಶುರು ಮಾಡುತ್ತೇನೆ. ಹೆಚ್ಚಿನವರು ಅಲ್ಲಿಂದಲೇ ಶುರು ಮಾಡುವುದು, ಅಲ್ವಾ? ಅಲ್ಲಿನ ಜೆಎಲ್‌ಸಿಪಿಸಿಬಿ ಕಂಪನಿ ಹೆಸರು ಮಾಡಿದ್ದೇ 100 × 100 ಮಿ.ಮೀ. ಒಳಗಿನ ಬೋರ್ಡ್ ಐದಕ್ಕೆ 2 ಡಾಲರ್ ಅನ್ನುವ ದರದಿಂದ. ಆ ಅಳತೆ ಒಂದು ಮಿ.ಮೀ. ದಾಟಿದರೂ ದರ ಮೇಲೆ ಹೋಗುತ್ತದೆ. ಹಾಗಾಗಿ ಡಿಸೈನ್ ಶುರು ಮಾಡುವಾಗಲೇ 100ರ ಒಳಗೆ ಹೊಂದಿಸುವುದು ಜಾಣತನ. ನನಗೆ ಬಂದ ಬೋರ್ಡ್‌ಗಳಲ್ಲಿ ಡ್ರಿಲ್ ತೂತು ಪ್ಯಾಡಿನ (ಬೆಸುಗೆ ಹಾಕುವ ತಾಮ್ರದ ಜಾಗದ) ನಡುವೆಯೇ ಇತ್ತು, ಮಾಸ್ಕ್ (ತಾಮ್ರ ಮುಚ್ಚುವ ಬಣ್ಣದ ಪದರ) ನೀಟಾಗಿತ್ತು, ಸಿಲ್ಕ್ (ಮೇಲೆ ಮುದ್ರಿಸುವ) ಅಕ್ಷರ ಓದಲು ಬರುತ್ತಿತ್ತು. ಬೋರ್ಡಿನ ಮೇಲೆ ಅವರು ತಮ್ಮ ಆರ್ಡರ್ ನಂಬರ್ ಹಾಕುತ್ತಾರೆ. ಅದು ಎಲ್ಲಿ ಬರಬೇಕು ಅಂತ ನಾವೇ ಸಿಲ್ಕ್ ಪದರದಲ್ಲಿ ಗುರುತು ಮಾಡಿ ಕೊಡಬಹುದು. ಡಬ್ಬಿಯ ಮುಚ್ಚಳ ತೆಗೆದರೆ ಕಾಣುವ ಜಾಗದಲ್ಲಿ ಯಾರದೋ ನಂಬರ್ ಇರುವುದು ನನಗೆ ಇಷ್ಟವಿಲ್ಲ, ಹಾಗಾಗಿ ರಿಲೇ (ಕರೆಂಟಿನಿಂದ ಓಡುವ ಸ್ವಿಚ್) ಕೆಳಗೆ ಹಾಕಿಸುತ್ತೇನೆ.

ಆದರೆ ಆ 2 ಡಾಲರ್ ಬೋರ್ಡಿನ ಬೆಲೆ ಮಾತ್ರ. ಕೊರಿಯರ್ ಖರ್ಚು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಅದರ ಮೇಲೆ ಕಸ್ಟಮ್ಸ್, ತೆರಿಗೆ, ಕೊರಿಯರ್ ಕಂಪನಿಯ ಕ್ಲಿಯರೆನ್ಸ್ ಚಾರ್ಜು. ಕೆವೈಸಿ ದಾಖಲೆ ಕೇಳುತ್ತಾರೆ, ಮೊದಲೇ ಸಿದ್ಧ ಇಟ್ಟುಕೊಳ್ಳಿ. ಬಾಗಿಲಿಗೆ ಬರುವ ಹೊತ್ತಿಗೆ ಒಟ್ಟು ಎಷ್ಟಾಯಿತು ಅಂತ ಕೂಡಿಸಿ ನೋಡಿದರೆ, ಐದೋ ಹತ್ತೋ ಬೋರ್ಡಿಗೆ ನಮ್ಮ ದೇಶದ ದರಕ್ಕೂ ಅದಕ್ಕೂ ಅಂತರ ತುಂಬ ಕಡಿಮೆಯಾಗಿರುತ್ತದೆ. ನಾಲ್ಕು ಪದರದ ಬೋರ್ಡ್ ಆದರೆ ಅಥವಾ ಅಲ್ಲೇ ಪಾರ್ಟ್ಸ್ ಕೂರಿಸಿ ತರಿಸುವುದಾದರೆ ಲೆಕ್ಕ ಬೇರೆ. ಅಲ್ಲಿ ಚೀನಾ ಈಗಲೂ ಮುಂದಿದೆ. ಅಮೆರಿಕದ ಓಶ್ ಪಾರ್ಕ್‌ನ ನೇರಳೆ ಬೋರ್ಡ್ ಚೆಂದ, ಚದರ ಇಂಚಿಗೆ 5 ಡಾಲರ್, ಮೂರು ಪ್ರತಿ ಕೊಡುತ್ತಾರೆ. ಬೆರಳಿನಗಲದ ಬೋರ್ಡಿಗೆ ಸರಿ. ನನ್ನ ಅಳತೆಗೆ ಆಗುವುದಿಲ್ಲ.

ನಮ್ಮ ದೇಶದಲ್ಲಿ ಈಗ ಪರಿಸ್ಥಿತಿ ಚೆನ್ನಾಗಿದೆ. ಬೆಂಗಳೂರಿನ ಲಯನ್ ಸರ್ಕ್ಯೂಟ್ಸ್, ಗುಜರಾತಿನ ಗಾಂಧಿನಗರದ ಪಿಸಿಬಿ ಪವರ್ ತರದ ಕಂಪನಿಗಳು ಆನ್‌ಲೈನ್‌ನಲ್ಲೇ ದರ ತೋರಿಸುತ್ತವೆ. 18% ಜಿಎಸ್‌ಟಿ ಸೇರಿಸಿ ಬಿಲ್ ಬರುತ್ತದೆ. ಜಿಎಸ್‌ಟಿ ನೋಂದಣಿ ಇದ್ದವರಿಗೆ ಅದು ವಾಪಸ್ ಲೆಕ್ಕಕ್ಕೆ ಸಿಗುತ್ತದೆ. ಇವಲ್ಲದೆ ಬೆಂಗಳೂರಿನಲ್ಲಿ ಸಣ್ಣ ಯುನಿಟ್‌ಗಳು ಬೇಕಾದಷ್ಟಿವೆ. ನಾನು ಈಗ ಖಾಯಂ ಹೋಗುವುದು ಅಂಥ ಒಂದು ಯುನಿಟ್‌ಗೆ. ವೆಬ್‌ಸೈಟ್ ಹಳೆಯ ಕಾಲದ್ದು, ಆರ್ಡರ್ ಮೇಲ್‌ನಲ್ಲೇ ಕೊಡಬೇಕು. ತುರ್ತು ಇದ್ದರೆ ಕೆಎಸ್‌ಆರ್‌ಟಿಸಿಯ "ನಮ್ಮ ಕಾರ್ಗೋ" ಪಾರ್ಸೆಲ್ ಸೇವೆಯಲ್ಲಿ ಹಾಕುತ್ತಾರೆ, ಹಾಸನ ಬಸ್ ಸ್ಟ್ಯಾಂಡಿನಲ್ಲಿ ತೆಗೆದುಕೊಳ್ಳುತ್ತೇನೆ.

ಅವರನ್ನೇ ಏಕೆ ಹಿಡಿದೆ ಅಂದರೆ, ಒಂದು ಫೋನ್ ಕಾಲ್.

ನನ್ನ ಬೋರ್ಡಿನಲ್ಲಿ ರಿಲೇ ಕೆಳಗೆ ಉದ್ದಕ್ಕೆ ಒಂದು ಸ್ಲಾಟ್ ಇರುತ್ತದೆ. 415 ವೋಲ್ಟ್ ಬದಿಗೂ 3.3 ವೋಲ್ಟ್ ಬದಿಗೂ ನಡುವೆ ಬೋರ್ಡನ್ನೇ ಕೊರೆದು ತೆಗೆಯುವುದು. ನಮ್ಮ ಮಲೆನಾಡ ಅಂಚಿನ ತೇವಕ್ಕೆ ಧೂಳು ಸೇರಿದರೆ ಬೋರ್ಡಿನ ಮೇಲ್ಮೈ ಮೇಲೇ ಕರೆಂಟ್ ಹರಿಯಲು ದಾರಿಯಾಗುತ್ತದೆ. ಸ್ಲಾಟ್ ಇದ್ದರೆ ಆ ದಾರಿ ಸುತ್ತಿ ಹೋಗಬೇಕು. ಫೈಲ್ ಕಳಿಸಿದ ಮಾರನೇ ದಿನ ಅಲ್ಲಿನ ಇಂಜಿನಿಯರ್ ಫೋನ್ ಮಾಡಿದರು. "ಸರ್, ಈ ಸ್ಲಾಟ್ ಪ್ಲೇಟೆಡ್ಡಾ, ನಾನ್ ಪ್ಲೇಟೆಡ್ಡಾ? ಔಟ್‌ಲೈನ್ ಪದರದಲ್ಲಿದೆ, ಡ್ರಿಲ್ ಫೈಲಲ್ಲಿ ಇಲ್ಲ. ಹೈ ವೋಲ್ಟೇಜ್ ಅಂತ ಸಿಲ್ಕಲ್ಲಿ ಬರೆದಿದ್ದೀರಿ, ಅದಕ್ಕೆ ಕೇಳ್ತಿದ್ದೀನಿ." ನಾನ್ ಪ್ಲೇಟೆಡ್ ಅಂದೆ. "ಸರಿ ಸರ್, ಮೇಲ್‌ನಲ್ಲಿ ಒಂದು ಸಾಲು ಹಾಕಿಬಿಡಿ" ಅಂದರು. ಅಷ್ಟೇ ಮಾತು. ಆದರೆ ಪ್ಲೇಟೆಡ್ ಅಂದುಕೊಂಡು ಸ್ಲಾಟಿನ ಒಳಗೋಡೆಗೆ ತಾಮ್ರ ಕೂರಿಸಿದರೆ ಆ ಸ್ಲಾಟ್ ಇದ್ದೂ ಉಪಯೋಗವಿಲ್ಲ. ರೈತರು ಒದ್ದೆ ಕೈಯಲ್ಲಿ ಮುಟ್ಟುವ ಡಬ್ಬಿ ಇದು.

ಇಂಥದೇ ಬೋರ್ಡನ್ನು ಇನ್ನೊಂದು ಕಡೆಯೂ ಕೊಟ್ಟಿದ್ದೆ. ಹೆಸರು ಬೇಡ. ದರ ಚೆನ್ನಾಗಿ ಕಡಿಮೆ ಇತ್ತು. ಒಂದು ಪ್ರಶ್ನೆಯೂ ಬರಲಿಲ್ಲ, ಹೇಳಿದ ದಿನಕ್ಕೇ ಪಾರ್ಸೆಲ್ ಬಂತು. ತೆರೆದು ನೋಡಿದರೆ ಸ್ಲಾಟೇ ಇಲ್ಲ. ಉಳಿದದ್ದೆಲ್ಲ ಸರಿಯಾಗಿತ್ತು. ಕೇಳಿದ್ದಕ್ಕೆ ಹಲವು ಬೋರ್ಡ್ ಸೇರಿಸುವ ದೊಡ್ಡ ಪ್ಯಾನೆಲ್‌ಗೆ ಹೊಂದಿಸುವಾಗ ಬಿಟ್ಟುಹೋಗಿದೆ ಅಂದರು, ಮುಂದಿನ ಆರ್ಡರಿಗೆ ರಿಯಾಯಿತಿ ಕೊಡುತ್ತೇವೆ ಅಂದರು. ನಾನು ಮುಂದಿನ ಆರ್ಡರ್ ಕೊಡಲಿಲ್ಲ. ಬೋರ್ಡ್‌ಗೆ ಕರೆಂಟ್ ಕೊಟ್ಟರೆ ಎಲ್ಲ ಕೆಲಸ ಮಾಡುತ್ತದೆ, ಟೆಸ್ಟ್ ಬೆಂಚಿನ ಮೇಲೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಮಳೆಗಾಲದಲ್ಲಿ, ತೋಟದಲ್ಲಿ. ಅದು ನನಗೆ ಒಪ್ಪಿಗೆ ಇಲ್ಲ.

ಇನ್ನು ಫೈಲ್ ವಿಷಯ. ಕೇಳುವವರು ಸಿಕ್ಕಿದರೂ ಕೇಳುವ ಅಗತ್ಯವೇ ಬರದ ಹಾಗೆ ಫೈಲ್ ಕೊಡುವುದು ನಮ್ಮ ಕೆಲಸ.

ನಾನು ಬಳಸುವುದು ಕೀಕ್ಯಾಡ್. ಪೂರ್ತಿ ಉಚಿತ, 1992ರಿಂದ ಬೆಳೆದು ಬಂದ ಬೋರ್ಡ್ ಡಿಸೈನ್ ಸಾಫ್ಟ್‌ವೇರ್. ದುಡ್ಡು ಕೊಟ್ಟು ಬೇರೆ ತೆಗೆದುಕೊಳ್ಳಬೇಕು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಕಾರ್ಖಾನೆಗೆ ಕೀಕ್ಯಾಡ್ ಫೈಲ್ ಕಳಿಸುವ ಬದಲು ಗರ್ಬರ್ ಕಳಿಸಿ. ಕೆಲವರು ಕೀಕ್ಯಾಡ್ ಫೈಲನ್ನೇ ನೇರ ತೆಗೆದುಕೊಳ್ಳುತ್ತಾರೆ, ನಿಜ. ಆದರೆ ಅವರ ಕಡೆಯ ಆವೃತ್ತಿ ಬೇರೆ ಇದ್ದರೆ ಏನು ಬದಲಾಯಿತು ಅಂತ ನಮಗೆ ಕಾಣುವುದಿಲ್ಲ. ಗರ್ಬರ್ ಅಂದರೆ ಪ್ರತಿ ಪದರಕ್ಕೂ ಒಂದು ಚಿತ್ರ. ಮೇಲಿನ ತಾಮ್ರ, ಕೆಳಗಿನ ತಾಮ್ರ, ಎರಡು ಮಾಸ್ಕ್, ಎರಡು ಸಿಲ್ಕ್, ಒಂದು ಔಟ್‌ಲೈನ್. ಜೊತೆಗೆ ಡ್ರಿಲ್ ಫೈಲ್. ನಾವು ಏನು ನೋಡಿದೆವೋ ಅದನ್ನೇ ಅವರೂ ನೋಡುತ್ತಾರೆ.

ಪ್ಲಾಟ್ ಮಾಡುವಾಗ, ಅಂದರೆ ಗರ್ಬರ್ ತೆಗೆಯುವಾಗ, ತಾಮ್ರ ತುಂಬಿದ ಜಾಗಗಳನ್ನು ಮತ್ತೆ ಲೆಕ್ಕ ಹಾಕುವ ಆಯ್ಕೆ ಇದೆ, ಅದನ್ನು ಆನ್ ಇಟ್ಟುಬಿಡಿ. ಕೊನೆಗೆ ಒಂದು ಟ್ರ್ಯಾಕ್ (ತಾಮ್ರದ ಗೆರೆ) ಸರಿಸಿ, ಗ್ರೌಂಡ್ ತಾಮ್ರವನ್ನು ಮತ್ತೆ ತುಂಬಿಸದೆ ಪ್ಲಾಟ್ ಮಾಡಿದರೆ ಹಳೆಯ ತಾಮ್ರವೇ ಹೋಗುತ್ತದೆ. ಶಾರ್ಟ್ ಆಗಲು ಅಷ್ಟು ಸಾಕು. ಪ್ಲೇಟೆಡ್ ಮತ್ತು ನಾನ್ ಪ್ಲೇಟೆಡ್ ತೂತುಗಳನ್ನು ಬೇರೆ ಬೇರೆ ಫೈಲ್ ಆಗಿ ತೆಗೆಯಿರಿ. ಔಟ್‌ಲೈನ್ ಎಲ್ಲೂ ಬಿರುಕಿಲ್ಲದೆ ಕೂಡಿರಬೇಕು. ಫೈಲ್ ಹೆಸರು ಹಳೆಯ ಪ್ರೋಟೆಲ್ ಸಾಫ್ಟ್‌ವೇರಿನ ಪದ್ಧತಿಯಲ್ಲಿ, ಅಂದರೆ ಮೇಲಿನ ತಾಮ್ರಕ್ಕೆ ಜಿಟಿಎಲ್, ಕೆಳಗಿನದಕ್ಕೆ ಜಿಬಿಎಲ್ ಎಂಬ ಬಾಲ ಹಚ್ಚಿ ಕೊಟ್ಟರೆ ಎಲ್ಲ ಕಡೆಯೂ ಅರ್ಥವಾಗುತ್ತದೆ.

ಆಮೇಲೆ ಜಿಪ್ ಮಾಡಿ, ಆ ಜಿಪ್ಪಿನಲ್ಲಿರುವ ಫೈಲ್‌ಗಳನ್ನೇ ಇನ್ನೊಂದು ಗರ್ಬರ್ ವ್ಯೂವರ್‌ನಲ್ಲಿ ತೆರೆಯಿರಿ. ನಾನು ಜಿಇಆರ್‌ಬಿವಿ ಬಳಸುತ್ತೇನೆ. ಕೀಕ್ಯಾಡ್‌ನಲ್ಲಿ ಚೆನ್ನಾಗಿ ಕಾಣುವುದು ಸಹಜ, ಅದೇ ಬರೆದ ಫೈಲ್ ಅದು. ಬೇರೆಯವರ ಕಣ್ಣಲ್ಲಿ ಹೇಗೆ ಕಾಣುತ್ತದೆ ಅನ್ನುವುದು ಮುಖ್ಯ. ಡ್ರಿಲ್ ಪದರವನ್ನು ತಾಮ್ರದ ಮೇಲೆ ಇಟ್ಟು ನೋಡಿ. ತೂತುಗಳೆಲ್ಲ ಒಂದೇ ಕಡೆಗೆ ಜರುಗಿದ್ದರೆ ಡ್ರಿಲ್‌ಗೂ ಗರ್ಬರ್‌ಗೂ ಬೇರೆ ಬೇರೆ ಮೂಲಬಿಂದು ಆಯ್ಕೆ ಆಗಿದೆ ಅಂತ ಅರ್ಥ.

ಜಿಪ್ ಒಳಗೆ ಒಂದು ಸಣ್ಣ ಟೆಕ್ಸ್ಟ್ ಫೈಲ್ ಇಡುತ್ತೇನೆ. ಎಫ್‌ಆರ್4 (ಬೋರ್ಡಿನ ವಸ್ತು), 1.6 ಮಿ.ಮೀ. ದಪ್ಪ, ತಾಮ್ರ ಎಷ್ಟು ಔನ್ಸ್, ಯಾವ ಫಿನಿಶ್, ಸ್ಲಾಟ್ ಎಲ್ಲಿದೆ, ಅದು ನಾನ್ ಪ್ಲೇಟೆಡ್, ಅದನ್ನು ಕೊರೆಯದೆ ಬಿಡಬೇಡಿ. ಆ ಫೋನ್ ಕಾಲ್‌ನಿಂದ ಕಲಿತ ಅಭ್ಯಾಸ.

ಡಿಸೈನ್ ನಿಯಮಗಳನ್ನು ಕಾರ್ಖಾನೆಯವರು ಕೊಡುವ ಮಿತಿಗೆ ಸೆಟ್ ಮಾಡಿಕೊಂಡು ಡಿಆರ್‌ಸಿ (ನಿಯಮ ಮೀರಿದ್ದನ್ನು ಸಾಫ್ಟ್‌ವೇರೇ ಹುಡುಕುವ ಪರೀಕ್ಷೆ) ಓಡಿಸಿ. ಅವರು 0.15 ಮಿ.ಮೀ. ಟ್ರ್ಯಾಕ್ ಮಾಡಬಲ್ಲೆವು ಅಂದರೆ ನಾವು ಎಲ್ಲ ಕಡೆ 0.15 ಬಳಸಬೇಕು ಅಂತಿಲ್ಲ. ಜಾಗ ಇದ್ದರೆ 0.25 ಹಾಕಿ, ಯಾರ ಕೈಯಲ್ಲಾದರೂ ಮಾಡಿಸಬಹುದು. ಕರೆಂಟ್ ಜಾಸ್ತಿ ಹೋಗುವ ದಾರಿಗೆ ಕೀಕ್ಯಾಡ್‌ನ ಕ್ಯಾಲ್ಕುಲೇಟರ್ ಇದೆ. 1 ಔನ್ಸ್ ತಾಮ್ರ ಅಂದರೆ 35 ಮೈಕ್ರಾನ್ ದಪ್ಪ. ಅದರಲ್ಲಿ 10 ಆಂಪಿಯರ್ ಹರಿಸಿ ಬಿಸಿ 10 ಡಿಗ್ರಿಗಿಂತ ಏರಬಾರದು ಅಂದರೆ ಹೊರಪದರದಲ್ಲಿ ಸುಮಾರು 7 ಮಿ.ಮೀ. ಅಗಲ ಬೇಕು. 2 ಔನ್ಸ್ ತೆಗೆದುಕೊಂಡರೆ ಅದರ ಅರ್ಧ. ಹುಡುಗರು ತರುವ ಡಿಸೈನ್‌ಗಳಲ್ಲಿ ರಿಲೇ ಟ್ರ್ಯಾಕ್ ಸಿಗ್ನಲ್ ಟ್ರ್ಯಾಕಿನಷ್ಟೇ ಸಣ್ಣ ಇರುವುದನ್ನು ನೋಡಿದರೆ ನನಗೆ ನಿಜವಾಗಿಯೂ ಭಯವಾಗುತ್ತದೆ. ಇದನ್ನು ಡಿಆರ್‌ಸಿ ತಾನಾಗಿ ಹಿಡಿಯುವುದಿಲ್ಲ. ಇಎಸ್‌ಪಿ32 ಮಾಡ್ಯೂಲಿನ ಆಂಟೆನಾ ಕೆಳಗೆ ತಾಮ್ರ ಬಿಟ್ಟರೂ ಅಷ್ಟೇ. ಬೋರ್ಡ್ ಸರಿಯಾಗೇ ಬರುತ್ತದೆ, ವೈಫೈ ಮಾತ್ರ ಪಕ್ಕದ ಕೋಣೆಗೂ ತಲುಪುವುದಿಲ್ಲ.

ಪಾರ್ಟ್ಸ್ ಕೂರಿಸಿ ತರಿಸುವುದಾದರೆ ಪಾರ್ಟ್ಸ್ ಪಟ್ಟಿ ಮತ್ತು ಯಾವ ಪಾರ್ಟ್ ಎಲ್ಲಿ ಎನ್ನುವ ಫೈಲ್ ಎರಡೂ ಬೇಕು. ಐಸಿ (ಚಿಪ್) ತಿರುಗಿರುವ ಕೋನ ಕೀಕ್ಯಾಡ್‌ನಲ್ಲಿ ಒಂದು, ಅವರ ಲೈಬ್ರರಿಯಲ್ಲಿ ಇನ್ನೊಂದು ಇರಬಹುದು. ವೆಬ್‌ಸೈಟ್ ತೋರಿಸುವ ಚಿತ್ರದಲ್ಲಿ ಒಂದೊಂದು ಐಸಿಯ ಮೊದಲ ಕಾಲಿನ ಚುಕ್ಕೆ ನೋಡಿಯೇ ಮುಂದೆ ಹೋಗಿ.

ಫಿನಿಶ್ ಬಗ್ಗೆ ನಮ್ಮ ಕಡೆಯವರಿಗೆ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಗಾಳಿಯೇ ಒದ್ದೆ. ಸೀಸವಿಲ್ಲದ ಎಚ್‌ಎಎಸ್‌ಎಲ್ ಎಂಬ ತವರದ ಲೇಪ ನನ್ನ ಕೆಲಸಕ್ಕೆ ಸಾಕಾಗಿದೆ. ಕಾಲುಗಳು ತುಂಬ ಹತ್ತಿರ ಇರುವ ಐಸಿ ಇದ್ದರೆ ಚಿನ್ನದ ಲೇಪದ ಎನಿಗ್ ಒಳ್ಳೆಯದು, ಪ್ಯಾಡ್ ಸಮತಟ್ಟಾಗಿ ಬರುತ್ತದೆ. ಬೋರ್ಡಿನ ಗಾಳಿ ತೆಗೆದ ಪ್ಯಾಕೆಟ್ಟನ್ನು ಬೇಕಾದಾಗ ಮಾತ್ರ ಒಡೆಯಿರಿ. ಒಡೆದು ಮಳೆಗಾಲವಿಡೀ ಹೊರಗಿದ್ದ ಬೋರ್ಡ್ ತೇವ ಹೀರಿರುತ್ತದೆ. ರಿಫ್ಲೋ (ಬೋರ್ಡನ್ನೇ ಬಿಸಿ ಮಾಡಿ ಬೆಸುಗೆ ಕರಗಿಸುವುದು) ಮಾಡುವ ಮೊದಲು 105ರಿಂದ 125 ಡಿಗ್ರಿಯಲ್ಲಿ ಕೆಲವು ಗಂಟೆ ಒಣಗಿಸಿ, ಇಲ್ಲದಿದ್ದರೆ ಪದರ ಬಿಡುವ ಸಾಧ್ಯತೆ ಇದೆ. ಪಾರ್ಟ್ಸ್ ಕೂರಿಸಿ ತೊಳೆದ ಮೇಲೆ ಅಕ್ರಿಲಿಕ್ ಕೋಟಿಂಗ್ ಹೊಡೆಯುತ್ತೇನೆ. ತೋಟಕ್ಕೆ ಹೋಗುವ ಯಾವ ಬೋರ್ಡನ್ನೂ ಕೋಟಿಂಗ್ ಇಲ್ಲದೆ ಕಳಿಸುವುದಿಲ್ಲ.

ಈಗ ನನ್ನ ಪದ್ಧತಿ ಹೀಗಿದೆ. ಬ್ಯಾಟರಿಯಲ್ಲಿ ಓಡುವ ಸೆನ್ಸರ್ ಬೋರ್ಡ್, ನಾಲ್ಕು ಪದರದ್ದು, ಸಮಯ ಇದೆ ಅಂದರೆ ಚೀನಾ. ಹೈ ವೋಲ್ಟೇಜ್ ಇರುವುದೆಲ್ಲ ಬೆಂಗಳೂರಿನ ಆ ಯುನಿಟ್. ಹೊಸಬರು, ಜಿಎಸ್‌ಟಿ ಬಿಲ್ ಬೇಕು, ಫೋನ್ ಮೇಲ್ ಓಡಾಟ ಬೇಡ ಅನ್ನುವವರು ಆನ್‌ಲೈನ್ ದರ ತೋರಿಸುವ ನಮ್ಮ ದೇಶದ ಕಂಪನಿಗಳಿಗೆ ಹೋಗಿ. ಎಲ್ಲಿ ಹೋದರೂ ಎಲೆಕ್ಟ್ರಿಕಲ್ ಟೆಸ್ಟ್ ದರದಲ್ಲಿ ಸೇರಿದೆಯಾ ಅಂತ ಕೇಳಿ. ಸೇರಿಲ್ಲದಿದ್ದರೆ ದುಡ್ಡು ಕೊಟ್ಟು ಸೇರಿಸಿ.

ಬೆಂಗಳೂರಿನ ಯುನಿಟ್‌ಗೆ ನಾನು ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಕಳೆದದ್ದು ದರ ತಿಳಿಯಲು ಪ್ರತಿ ಸಲ ಮೇಲ್ ಮಾಡಿ ಕಾಯಬೇಕು ಅನ್ನುವುದಕ್ಕೆ. 2 ಔನ್ಸ್ ಕೇಳಿದರೆ ಇನ್ನೂ ತಡ. ಮೊನ್ನೆ ಆ ಇಂಜಿನಿಯರ್‌ಗೆ ಇದನ್ನೇ ಹೇಳಿದೆ. ದರಪಟ್ಟಿ ಒಂದನ್ನು ಎಕ್ಸೆಲ್‌ನಲ್ಲಿ ಮಾಡಿ ಖಾಯಂ ಗಿರಾಕಿಗಳಿಗೆ ಕಳಿಸುತ್ತೇವೆ ಅಂದಿದ್ದಾರೆ.