ಡೇಟಾ ಸ್ಟ್ರಕ್ಚರ್ ಕ್ಲಾಸಿಗೆ ವಾಕಮ್ ಇಂಟ್ಯೂಸ್ ಸ್ಮಾಲ್ ಹೇಗಿದೆ?

ಲಿಂಕ್ಡ್ ಲಿಸ್ಟ್‌ನಿಂದ (ಒಂದಕ್ಕೊಂದು ಕೊಂಡಿ ಹಾಕಿದ ಡೇಟಾ ಸರಪಳಿ) ನೋಡ್ (ಅದರ ಒಂದು ಘಟಕ) ತೆಗೆಯುವುದನ್ನು ಸಿದ್ಧ ಸ್ಲೈಡ್‌ನಲ್ಲಿ ಕಲಿಸುವುದು ಕಷ್ಟ. ಬಾಣವನ್ನು ಕಣ್ಣೆದುರೇ ಅಳಿಸಿ ಮತ್ತೆ ಬರೆದಾಗ ಪಾಯಿಂಟರ್, ಅಂದರೆ ಮುಂದಿನ ನೋಡ್ ಎಲ್ಲಿದೆ ಎಂದು ತೋರಿಸುವ ಕೊಂಡಿ, ಚೆನ್ನಾಗಿ ಅರ್ಥವಾಗುತ್ತದೆ. ಆ ಕೆಲಸಕ್ಕೆ ಇಂಟ್ಯೂಸ್ ಸ್ಮಾಲ್ ಎಂಬ ಈ ಪೆನ್ ಟ್ಯಾಬ್ಲೆಟ್ (ಕಂಪ್ಯೂಟರಿಗೆ ಜೋಡಿಸಿ ಪೆನ್ನಿನಿಂದ ಬರೆಯುವ ಹಲಗೆ) ಧಾರಾಳವಾಗಿ ಸಾಕು. ಬರೆಯುವ ಜಾಗ 152 × 95 ಮಿ.ಮೀ., ಪೆನ್ನಿನ ಒತ್ತಡ ಗುರುತಿಸುವ ಹಂತಗಳು 4096, ಪೆನ್ನಿಗೆ ಬ್ಯಾಟರಿ ಬೇಡ. ಇದರಲ್ಲಿ ಪರದೆ ಇಲ್ಲ; ಕೈ ಕೆಳಗೆ, ಕಣ್ಣು ಮೇಲೆ. ಅಕ್ಷರ ಹಿಡಿತಕ್ಕೆ ಬರಲು ಅಭ್ಯಾಸ ಬೇಕೇ ಬೇಕು.

ಪ್ರೊಜೆಕ್ಟರನ್ನು ಎಕ್ಸ್‌ಟೆಂಡ್ ಮೋಡ್‌ನಲ್ಲಿ (ಕಂಪ್ಯೂಟರಿನ ಎರಡನೇ ಪರದೆಯಾಗಿ) ಜೋಡಿಸಿದರೆ ಟ್ಯಾಬ್ಲೆಟ್ ಎರಡೂ ಪರದೆಗೆ ಹಂಚಿಹೋಗಿ ಬರಹ ಅಡ್ಡಡ್ಡ ಎಳೆದಂತಾಗುತ್ತದೆ. ಡ್ರೈವರ್‌ನ (ಟ್ಯಾಬ್ಲೆಟ್ ನಡೆಸುವ ತಂತ್ರಾಂಶ) ಮ್ಯಾಪಿಂಗ್‌ನಲ್ಲಿ ಒಂದೇ ಪರದೆ ಆರಿಸಿ, ಅಗಲ-ಎತ್ತರದ ಅನುಪಾತ ಕಾಯುವ 'ಫೋರ್ಸ್ ಪ್ರಪೋರ್ಷನ್ಸ್' ಹಾಕಿ. ಸ್ವಲ್ಪ ಜಾಗ ಹೋದರೂ ಟ್ರೀ (ಕವಲೊಡೆಯುವ ಡೇಟಾ ರಚನೆ) ಚಿತ್ರದ ವೃತ್ತಗಳು ಮೊಟ್ಟೆಯಾಗುವುದಿಲ್ಲ. ಟಿಪ್ಪಣಿ ಬರೆಯುವ ಆ್ಯಪ್ ಒನ್‌ನೋಟ್‌ಗೆ ಸ್ಲೈಡ್ ಹಾಕಿದರೆ ಅದನ್ನು ಬ್ಯಾಕ್‌ಗ್ರೌಂಡ್ ಮಾಡಿಬಿಡಿ, ಇಲ್ಲದಿದ್ದರೆ ಬರೆಯುವಾಗ ಸ್ಲೈಡೇ ಸರಿಯಬಹುದು. ಕೋಡ್‌ಗೆ ಮಾತ್ರ ಕೀಬೋರ್ಡೇ ಒಳ್ಳೆಯದು.