ಹಿಮದ ಇಳಿಜಾರಿನಲ್ಲಿ ಗೇರ್ ಇಳಿಸುವ ಮುನ್ನ: ಹಿಂಚಕ್ರ ಚಾಲನೆಯ ಕಾರಿನವರಿಗೆ ಒಂದು ಎಚ್ಚರಿಕೆ

ಎಂಜಿನ್ನಿನ ಬಲವೆಲ್ಲ ಹಿಂದಿನ ಎರಡು ಚಕ್ರಗಳಿಗೆ ಹೋಗುವ ಕಾರನ್ನು ಹಿಮದಲ್ಲಿ ಓಡಿಸಹೊರಟವರಿಗೆ ಎಲ್ಲರೂ ಹೇಳುವ ಬುದ್ಧಿಮಾತು ಒಂದೇ: ಆಕ್ಸಿಲರೇಟರನ್ನು ಜೋರಾಗಿ ಒತ್ತಬೇಡಿ. ನಾನು ಅದನ್ನು ಚಾಚೂ ತಪ್ಪದೆ ಪಾಲಿಸಿದವನು. ಆದರೂ ನನ್ನ ಕಾರು ಇಳಿಜಾರಿನಲ್ಲಿ ಬುಗುರಿಯಂತೆ ತಿರುಗಿ, ಹಿಂಭಾಗ ಮುಂದಾಗಿ ರಸ್ತೆಬದಿಯ ಹಿಮದ ರಾಶಿಯೊಳಗೆ ಹೂತುಕೊಂಡಿತು. ಅದಕ್ಕೆ ಕಾರಣ ನಾನು ಆಕ್ಸಿಲರೇಟರ್ ಒತ್ತಿದ್ದಲ್ಲ, ಅದರಿಂದ ಕಾಲು ತೆಗೆದು ಗೇರ್ ಇಳಿಸಿದ್ದು. ಆ ಅರ್ಧವನ್ನು ನನಗೆ ಯಾರೂ ಹೇಳಿರಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ತಪ್ಪು ಶುರುವಾದದ್ದು ಕಾರು ನಿಲ್ಲಿಸಿದ್ದ ಜಾಗದಲ್ಲೇ. ರಾತ್ರಿಯಿಡೀ ಬಿದ್ದ ಹಿಮ ಬೆಳಗಾಗುವಷ್ಟರಲ್ಲಿ ಗೇಣುದ್ದ ಏರಿತ್ತು. ಕ್ಲಚ್ ಬಿಟ್ಟರೆ ಎಡಗಡೆಯ ಹಿಂಚಕ್ರ ಮಾತ್ರ ನಿಂತಲ್ಲೇ ಸುತ್ತುತ್ತಿತ್ತು, ಬಲಗಡೆಯದು ಅಲುಗುತ್ತಿರಲಿಲ್ಲ. ಎಂಜಿನ್ನಿನ ಬಲವನ್ನು ಎಡಬಲ ಚಕ್ರಗಳಿಗೆ ಹಂಚುವ ಸಾಮಾನ್ಯ ಡಿಫರೆನ್ಷಿಯಲ್ ಇರುವ ಕಾರಿನಲ್ಲಿ ಒಂದು ಚಕ್ರ ಹಿಡಿತ ಕಳೆದುಕೊಂಡರೆ, ಇನ್ನೊಂದಕ್ಕೂ ಅಷ್ಟೇ ಅಲ್ಪ ಬಲ ಸಿಗುತ್ತದೆ. ಟ್ರ್ಯಾಕ್ಷನ್ ಕಂಟ್ರೋಲ್ ಎಂಬ ವ್ಯವಸ್ಥೆ ಸುತ್ತುವ ಚಕ್ರವನ್ನು ತಾನೇ ಬ್ರೇಕ್ ಹಾಕಿ ಹಿಡಿಯುತ್ತದೆ, ಜೊತೆಗೆ ಎಂಜಿನ್ನಿನ ಬಲವನ್ನೂ ತಗ್ಗಿಸುತ್ತದೆ. ದಪ್ಪ ಹಿಮದಲ್ಲಿ ಸಿಕ್ಕಿಕೊಂಡಾಗ ಬಲ ಹೀಗೆ ತಗ್ಗಿದರೆ ಕಾರು ಕದಲುವುದೇ ಇಲ್ಲ. ಹಾಗಾಗಿ ಅದರ ಸ್ವಿಚ್ಚಿನ ಗುಂಡಿಯನ್ನು ಒತ್ತಿ ವ್ಯವಸ್ಥೆಯನ್ನು ಆರಿಸಿ, ಎರಡನೇ ಗೇರಿನಲ್ಲಿ ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ತೂಗಾಡಿಸಿ ಹೊರಬಂದೆ. ಇಲ್ಲಿಯವರೆಗೆ ನಾನು ಮಾಡಿದ್ದು ಸರಿಯಾಗಿಯೇ ಇತ್ತು. ಗುಂಡಿಯನ್ನು ಮತ್ತೆ ಒತ್ತುವುದನ್ನು ಮರೆತೆ. ಕೆಲವು ಕಾರುಗಳಲ್ಲಿ ವೇಗ ಹೆಚ್ಚಿದೊಡನೆ ವ್ಯವಸ್ಥೆ ತಾನಾಗಿ ಜಾಗೃತವಾಗುತ್ತದೆ, ನನ್ನದರಲ್ಲಿ ಆಗುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಅದೇ ಗುಂಡಿಯನ್ನು ಸ್ವಲ್ಪ ಹೊತ್ತು ಅದುಮಿ ಹಿಡಿದರೆ ಕಾರು ಅಡ್ಡ ತಿರುಗುವುದನ್ನು ತಡೆಯುವ ಇಎಸ್‌ಸಿ ಕೂಡ ಆರಿಹೋಗುತ್ತದೆ. ನಾನು ಅವಸರದಲ್ಲಿ ಅದುಮಿಯೇ ಹಿಡಿದಿದ್ದೆ.

"ರೀ, ಆ ಹಳದಿ ದೀಪ ಯಾಕೆ ಉರೀತಿದೆ?" ಎಂದು ಪಕ್ಕದಲ್ಲಿ ಕುಳಿತಿದ್ದ ಹೆಂಡತಿ ಕೇಳಿದಳು. ಡ್ಯಾಶ್‌ಬೋರ್ಡಿನಲ್ಲಿ ಪುಟ್ಟ ಕಾರಿನ ಚಿತ್ರ, ಅದರ ಕೆಳಗೆ ಹಾವು ಹರಿದಂತೆ ಎರಡು ಗೆರೆ. "ಚಳಿಗೆ ಏನೋ ಆಗಿರಬೇಕು ಬಿಡು" ಎಂದೆ. ಆ ಮಾತನ್ನು ಅವಳು ಇಂದಿಗೂ ಮರೆತಿಲ್ಲ.

ಮುಂದಿನ ಅರ್ಧ ಗಂಟೆ ಕಾರು ಚೆನ್ನಾಗಿಯೇ ಓಡಿತು, ಒಂದು ಸಣ್ಣ ಏರನ್ನೂ ನಿರಾಯಾಸವಾಗಿ ಹತ್ತಿತು. ಏರಿನಲ್ಲಿ ಕಾರಿನ ಭಾರದ ಒಂದಷ್ಟು ಪಾಲು ಹಿಂದಕ್ಕೆ ಸರಿಯುವುದರಿಂದ ಹಿಂಚಕ್ರಗಳು ನೆಲವನ್ನು ಕೊಂಚ ಗಟ್ಟಿಯಾಗಿ ಒತ್ತುತ್ತವೆ ಎಂಬುದು ಆಗ ನನ್ನ ಗಮನಕ್ಕೆ ಬರಲಿಲ್ಲ, ಎಲ್ಲವೂ ನನ್ನ ಚಾಲನೆಯ ನೈಪುಣ್ಯವೆಂದೇ ಭಾವಿಸಿದೆ. ಏರು ಮುಗಿದು ಇಳಿಜಾರು ಬಂದಾಗ ಗಂಟೆಗೆ ಸುಮಾರು 40 ಕಿ.ಮೀ. ವೇಗವಿತ್ತು. ಘಟ್ಟ ಇಳಿಯುವಾಗ ಬ್ರೇಕನ್ನೇ ನಂಬಬಾರದು, ಗೇರ್ ಇಳಿಸಿ ಎಂಜಿನ್ನಿನಿಂದಲೇ ವೇಗ ತಗ್ಗಿಸಬೇಕು ಎಂಬ ಹಳೆಯ ಪಾಠವನ್ನು ನೆನೆದು, ಮೂರರಿಂದ ಎರಡಕ್ಕೆ ಗೇರ್ ಹಾಕಿ, ಒಣ ರಸ್ತೆಯಲ್ಲಿ ಮಾಡುವಂತೆಯೇ ಕ್ಲಚ್ಚನ್ನು ಬಿಟ್ಟೆ. ರಸ್ತೆ ಅಲ್ಲಿ ಬಲಕ್ಕೆ ತುಸು ಬಾಗಿತ್ತು.

ಸದ್ದೇನೂ ಆಗಲಿಲ್ಲ. ಕುಳಿತ ಸೀಟೇ ಎಡಕ್ಕೆ ಜಾರಿದಂತಾಯಿತು, ಮುಂದಿನ ಗಾಜಿನಲ್ಲಿ ರಸ್ತೆಯ ಬದಲು ಬಲಬದಿಯ ಮರಗಳು ಕಾಣಿಸಿದವು. ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದೆನಾದರೂ ತಡವಾಗಿ, ಅದೂ ಅತಿಯಾಗಿ ತಿರುಗಿಸಿದೆ. ಹಿಂಭಾಗ ಲೋಲಕದಂತೆ ಮರಳಿ ಬಂದು ಮೊದಲಿಗಿಂತ ಜೋರಾಗಿ ಬಲಕ್ಕೆ ಬೀಸಿತು. ಎದುರಿನಿಂದ ಯಾವ ವಾಹನವೂ ಬರದಿದ್ದದ್ದು ನಮ್ಮ ಪುಣ್ಯ.

ನಡೆದದ್ದೇನೆಂದು ಬಿಡಿಸಿ ಹೇಳುತ್ತೇನೆ. ಟಯರಿಗೆ ಇರುವ ಹಿಡಿತ ಇಷ್ಟೇ ಎಂದು ಅಳತೆಯುಂಟು. ವೇಗ ಹೆಚ್ಚಿಸುವುದು, ತಗ್ಗಿಸುವುದು, ಅಡ್ಡಕ್ಕೆ ಜಾರದಂತೆ ತಡೆಯುವುದು ಈ ಮೂರಕ್ಕೂ ಅದರಿಂದಲೇ ಪಾಲು ಸಿಗಬೇಕು. ಕಾಲಿನ ಬ್ರೇಕ್ ಒತ್ತಿದರೆ ನಿಲ್ಲಿಸುವ ಕೆಲಸ ನಾಲ್ಕೂ ಚಕ್ರಗಳಿಗೆ ಹಂಚಿಹೋಗುತ್ತದೆ, ಎಬಿಎಸ್ ಎಂಬ ವ್ಯವಸ್ಥೆ ಅವು ಸುತ್ತುವುದನ್ನು ನಿಲ್ಲಿಸಿ ಜಾರದಂತೆ ಕಾಯುತ್ತದೆ. ಎಂಜಿನ್ ಬ್ರೇಕ್ ಹಾಗಲ್ಲ, ಅದು ಎಂಜಿನ್ನಿಗೆ ಜೋಡಿಸಿದ ಚಕ್ರಗಳನ್ನು ಮಾತ್ರ ತಡೆಯುತ್ತದೆ. ನಮ್ಮಂಥ ಕಾರುಗಳಲ್ಲಿ ಅವು ಹಿಂದಿನವು, ಇಳಿಜಾರಿನಲ್ಲಿ ಭಾರ ಮುಂದಕ್ಕೆ ಸರಿದು ಮೊದಲೇ ಹಗುರವಾದವು. ಜಾರುವ ರಸ್ತೆಯಲ್ಲಿ ಒಮ್ಮೆಲೇ ಗೇರ್ ಇಳಿಸುವುದೂ ಹ್ಯಾಂಡ್‌ಬ್ರೇಕ್ ಎಳೆಯುವುದೂ ಹೆಚ್ಚುಕಡಿಮೆ ಒಂದೇ. ಮುಂಚಕ್ರ ಚಾಲನೆಯ ಕಾರಿನಲ್ಲಿ ಇದೇ ತಪ್ಪು ಮಾಡಿದರೆ ಕಾರು ಸಾಮಾನ್ಯವಾಗಿ ತಿರುವಿಗೆ ಬಾಗದೆ ನೇರಕ್ಕೆ ಜಾರುತ್ತದೆ. ಅದೂ ಅಪಾಯವೇ, ಆದರೆ ಬೆನ್ನು ತಿರುಗಿಸುವುದಿಲ್ಲ.

ಆದ್ದರಿಂದ ಗೇರ್ ಇಳಿಸುವುದಿದ್ದರೆ ಇಳಿಜಾರು ಆರಂಭವಾಗುವ ಮೊದಲೇ, ರಸ್ತೆ ನೇರವಾಗಿರುವಾಗ, ವೇಗ ಆಗಲೇ ತಗ್ಗಿರುವಾಗ ಇಳಿಸಿ, ಕ್ಲಚ್ಚನ್ನು ಬಹಳ ನಿಧಾನವಾಗಿ ಬಿಡಿ. ಉಳಿದದ್ದನ್ನು ಕಾಲಿನ ಬ್ರೇಕಿಗೆ ಬಿಡಿ, ಅದನ್ನೂ ಮೆತ್ತಗೆ ಒತ್ತಿ. ಹಿಂಭಾಗ ಜಾರಿಯೇಬಿಟ್ಟರೆ ಕ್ಲಚ್ ಒತ್ತಿ ಚಕ್ರಗಳನ್ನು ಎಂಜಿನ್ನಿನ ಹಿಡಿತದಿಂದ ಬಿಡಿಸಿ, ಆಟೋಮ್ಯಾಟಿಕ್ ಆದರೆ ಆಕ್ಸಿಲರೇಟರಿನಿಂದ ಕಾಲನ್ನು ಥಟ್ಟನೆ ಕೀಳದೆ ಮೆಲ್ಲಗೆ ಸಡಿಲಿಸಿ. ಕಣ್ಣು ಮರದ ಮೇಲಲ್ಲ, ಹೋಗಬೇಕಾದ ದಾರಿಯ ಮೇಲಿರಲಿ; ಹಿಂಭಾಗ ಯಾವ ಕಡೆಗೆ ಜಾರುತ್ತಿದೆಯೋ ಆ ಕಡೆಗೇ ಸ್ಟೇರಿಂಗ್ ತಿರುಗಿಸಿ, ಕಾರು ನೆಟ್ಟಗಾಗತೊಡಗಿದ ಕ್ಷಣವೇ ಅದನ್ನು ಬಿಚ್ಚುತ್ತ, ಎಂದರೆ ಮರಳಿ ನೇರಕ್ಕೆ ತರುತ್ತ ಬನ್ನಿ. ನಾನು ಎಡವಿದ್ದು ಈ ಬಿಚ್ಚುವುದರಲ್ಲಿ.

ಟಯರಿನ ವಿಷಯದಲ್ಲಿ ನನ್ನನ್ನು ನಾನೇ ಮೋಸಗೊಳಿಸಿಕೊಂಡಿದ್ದೆ. ಬದಿಯಲ್ಲಿ 'ಎಂ+ಎಸ್' ಎಂದು ಅಚ್ಚಾಗಿದ್ದ ಸರ್ವಋತು ಟಯರುಗಳೇ ಸಾಕೆಂದುಕೊಂಡಿದ್ದೆ. ಅದು ತಯಾರಕರು ತಾವೇ ಹಾಕಿಕೊಳ್ಳುವ ಗುರುತು. ಹಿಮದಲ್ಲಿ ಪರೀಕ್ಷೆಗೊಳಪಟ್ಟು ಗೆದ್ದ ಟಯರಿಗೆ ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಚಿಹ್ನೆ ಇರುತ್ತದೆ. ಬೇಸಿಗೆಯ ಟಯರಿನ ರಬ್ಬರ್ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಡುಸಾಗತೊಡಗುತ್ತದೆ, ಚಳಿಗಾಲದ ಟಯರಿನದು ಮೆತ್ತಗೇ ಉಳಿಯುತ್ತದೆ. ನನ್ನ ಕಾರಿನ ಹಿಂದಿನ ಟಯರುಗಳ ಮೇಲ್ಮೈಯ ತೋಡುಗಳ ಆಳ ಆಮೇಲೆ ಅಳೆದಾಗ 3 ಮಿ.ಮೀ. ಇತ್ತು. ಅನೇಕ ದೇಶಗಳ ಕಾನೂನು 1.6 ಮಿ.ಮೀ. ಇದ್ದರೂ ಒಪ್ಪುತ್ತದೆ, ಆದರೆ ಹಿಮಕ್ಕೆ 4 ಮಿ.ಮೀ.ಗಿಂತ ಕಡಿಮೆಯಾದರೆ ಬದಲಿಸುವುದೇ ಕ್ಷೇಮ. ಬಲ ಹೋಗುವುದು ಹಿಂದಕ್ಕಲ್ಲವೇ ಎಂದು ಹಿಂದಿನ ಎರಡಕ್ಕೆ ಮಾತ್ರ ಚಳಿಗಾಲದ ಟಯರ್ ಹಾಕಿಸುವ ಜಿಪುಣತನವೂ ಬೇಡ. ಆಗ ಕಾರು ಚೆನ್ನಾಗಿ ಹೊರಡುತ್ತದೆ, ಬಾಗುವಾಗಲೂ ನಿಲ್ಲುವಾಗಲೂ ಕೈಕೊಡುತ್ತದೆ.

ಇದೆಲ್ಲ ಆಮೇಲೆ ತಿಳಿದದ್ದು. ಹಿಮದ ರಾಶಿಯಲ್ಲಿ ಕುಳಿತಿದ್ದ ಆ ಹೊತ್ತಿನಲ್ಲಿ ನನಗೆ ಹೊಳೆದದ್ದು ಹೀಟರ್ ಹಾಕಿಕೊಂಡು ಸಹಾಯಕ್ಕೆ ಕಾಯುವುದೊಂದೇ. ಎಂಜಿನ್ ಓಡುತ್ತಲೇ ಇತ್ತು. ಹಿಂಭಾಗ ಹೂತಿದೆಯೆಂದರೆ ಹೊಗೆಕೊಳವೆಯೂ ಹೂತಿದೆ ಎಂದು ಹೆಂಡತಿಯೇ ನೆನಪಿಸಿದಳು. ಕೊಳವೆ ಮುಚ್ಚಿದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಕಾರಿನೊಳಗೇ ತುಂಬಿಕೊಳ್ಳಬಹುದು. ಎಂಜಿನ್ ಆರಿಸಿ, ಮೊಣಕಾಲುದ್ದದ ಹಿಮದಲ್ಲಿ ಇಳಿದು, ಕಸದ ಮೊರದಿಂದ ಕೊಳವೆಯ ಸುತ್ತಲಿನ ಹಿಮವನ್ನೆಲ್ಲ ಗೋರಿ ತೆಗೆದು, ಮರಳಿ ಬಂದು ಕೀಲಿ ತಿರುಗಿಸಿದೆ. ಆರಿಸಿದ್ದ ವ್ಯವಸ್ಥೆಗಳು ಮತ್ತೆ ಜಾಗೃತವಾಗಿ, ಹಳದಿ ದೀಪ ತಾನಾಗಿಯೇ ಆರಿತು.