ಹಳೇ ಡಾಂಬರು ಟೆಸ್ಟ್ ಮಾಡಿಸೋಕೆ ಹುಬ್ಬಳ್ಳಿಯ ಈ ಲ್ಯಾಬ್ ಹೆಂಗಿದೆ?

ಹೈವೇ ಸೈಟಲ್ಲಿ ಕ್ವಾಲಿಟಿ ನೋಡ್ಕೊಳ್ಳೋದು ನನ್ನ ಕೆಲಸ. ಮಿಲ್ಲಿಂಗ್ ಮಷಿನ್ನಲ್ಲಿ ಕೆರೆದು ತೆಗೆದ ಹಳೇ ಡಾಂಬರು, ನಾವು ರ‍್ಯಾಪ್ ಅನ್ನೋದು, ಅದಕ್ಕೆ ಫೋಮ್ ಬಿಟುಮೆನ್ (ಬಿಸಿ ಡಾಂಬರಿಗೆ ಸ್ವಲ್ಪ ನೀರು ಬಿಟ್ಟು ನೊರೆ ಬರಿಸಿದ್ದು), ಜೊತೆಗೆ ಶೇ 1ರಷ್ಟು ಸಿಮೆಂಟು ಸೇರಿಸಿ ರಸ್ತೆಯ ಮೇಲ್ಪದರದ ಕೆಳಗಿನ ಬೇಸ್ ಲೇಯರ್ ಹಾಕ್ತಿದೀವಿ. ಮೊದಲು ಬೇರೆ ಒಂದು ಲ್ಯಾಬ್‌ಗೆ ಕೊಡ್ತಿದ್ವಿ, ಹೆಸರು ಬೇಡ, ಎರಡೇ ದಿನದಲ್ಲಿ ರಿಪೋರ್ಟ್ ಬರ್ತಿತ್ತು, ಎಲ್ಲಾ ಪಾಸ್. ಆದ್ರೆ ಹಾಕಿದ ಲೇಯರ್‌ನ ಅಂಚು ಮಳೆ ಬಿದ್ಮೇಲೆ ಬೂಟಲ್ಲಿ ಒತ್ತಿದ್ರೆ ಉದುರ್ತಿತ್ತು, ರಾತ್ರಿ ನಿದ್ದೆ ಬರ್ತಿರ್ಲಿಲ್ಲ ನಂಗೆ.

ಆಮೇಲೆ ಹುಬ್ಬಳ್ಳಿಯ ಈ ಲ್ಯಾಬ್‌ಗೆ ಹೋದ್ವಿ. ಮೊದಲನೇ ದಿನಾನೇ ಅಲ್ಲಿನ ಟೆಕ್ನಿಷಿಯನ್ ಕೇಳಿದ್ದು, ಸ್ಯಾಂಪಲ್ ರಾಶಿಯ ಮೇಲಿಂದ ತಂದ್ರಾ, ಒಳಗಿಂದ ತಂದ್ರಾ ಅಂತ. ಮೇಲಿಂದ ಅಂದಿದ್ದಕ್ಕೆ ವಾಪಸ್ ಕಳ್ಸಿದ್ರು. ಮೂರು ಕಡೆ ಬಗೆದು ತಂದು ಕೊಟ್ಮೇಲೆನೇ ತಗೊಂಡ್ರು.

ಎಡವಟ್ಟು ಸಿಕ್ಕಿದ್ದು ಜರಡಿಯಲ್ಲಿ. ಹಳೇ ಲ್ಯಾಬ್‌ನೋರು ದ್ರಾವಕದಲ್ಲಿ ಡಾಂಬರು ತೊಳೆದು, ಉಳಿದ ಕಲ್ಲು ಪುಡಿ ಮಾತ್ರ ಜರಡಿ ಹಿಡಿದು 75 ಮೈಕ್ರಾನ್ ಕೆಳಗಿನ ಪುಡಿ ಸಾಕಷ್ಟಿದೆ ಅಂತ ಬರೆದಿದ್ರು. ಇವ್ರು ತೊಳೆಯದೇನೂ ಜರಡಿ ಹಿಡಿದ್ರು, ಅದ್ರಲ್ಲಿ ಪುಡಿ ಶೇ 2 ಕೂಡ ಇರ್ಲಿಲ್ಲ. ಯಾಕಂದ್ರೆ ಪುಡಿಯೆಲ್ಲಾ ಹಳೇ ಡಾಂಬರಿನ ಉಂಡೆಯೊಳಗೇ ಅಂಟ್ಕೊಂಡಿರುತ್ತೆ, ನಮ್ಮಂಥ ಕೋಲ್ಡ್ ಮಿಕ್ಸಲ್ಲಿ, ಅಂದ್ರೆ ಕಲ್ಲು ಬಿಸಿ ಮಾಡದೆ ಕಲಸೋದ್ರಲ್ಲಿ, ಆ ಉಂಡೆ ಕರಗಲ್ಲ, ಕಲ್ಲಿನ ಥರಾನೇ ಇರುತ್ತೆ. ಫೋಮ್ ಹಿಡ್ಕೊಳ್ಳೋದು ಉಂಡೆಗೆ ಅಂಟದೆ ಬಿಡಿಯಾಗಿರೋ ಪುಡಿನ, ಆ ಪುಡಿ ಇಲ್ಲ ಅಂದ್ರೆ ಫೋಮ್ ಹರಡಲ್ಲ. ನಮ್ಮ ಮಿಕ್ಸ್ ಕೈಯಲ್ಲಿ ಬಿಡಿಸಿ ತೋರ್ಸಿದ್ರು, ಶ್ಯಾವಿಗೆ ಎಳೆ ಥರ ಕಪ್ಪು ಡಾಂಬರಿನ ಎಳೆಗಳು ಅಲ್ಲಲ್ಲಿ, ಪಕ್ಕದ ಕಲ್ಲುಗಳು ಬೂದು ಬಣ್ಣಕ್ಕೆ ಹಂಗೇ ಒಣಗಿ ಕೂತಿದ್ವು.

ಮುಖ್ಯ ಟೆಸ್ಟು ಐಟಿಎಸ್, ಅಂದ್ರೆ ಮಿಕ್ಸಲ್ಲಿ ಮಾಡಿದ ಬಿಲ್ಲೆನ ಅಡ್ಡ ಇಟ್ಟು ಒತ್ತಿ ಸೀಳೋದು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ರಸ್ತೆ ವಿನ್ಯಾಸದ ಕೈಪಿಡಿ ಐಆರ್‌ಸಿ 37 ಪ್ರಕಾರ 100 ಮಿಮೀ ಬಿಲ್ಲೆಗೆ ಒಣಗಿದ್ದಾಗ 225 ಕಿಲೋಪಾಸ್ಕಲ್, ನೆನೆಸಿದ್ಮೇಲೆ 100 ಬರ್ಬೇಕು. 40 ಡಿಗ್ರಿ ಓವನ್ನಲ್ಲಿ 72 ಗಂಟೆ, ಆಮೇಲೆ 25 ಡಿಗ್ರಿ ನೀರಲ್ಲಿ 24 ಗಂಟೆ, ಇದನ್ನ ಎರಡು ದಿನದಲ್ಲಿ ಮುಗಿಸೋಕೆ ಆಗೋದೇ ಇಲ್ಲ ಅಂತ ಆಗ ತಲೆಗೆ ಹೋಯ್ತು. ನಮ್ದು ಒಣಗಿದ್ದು 268, ನೆಂದಿದ್ದು ಬರೀ 84. ರಿಪೋರ್ಟ್ ಟೈಪ್ ಮಾಡೋ ಮುಂಚೆನೇ ಫೋನ್ ಮಾಡಿ ಹೇಳಿದ್ರು, ಕ್ರಷರ್ ಡಸ್ಟ್, ಅಂದ್ರೆ ಜಲ್ಲಿ ಕ್ರಷರ್‌ನ ಕಲ್ಲು ಪುಡಿ, ಸೇರಿಸಿ ನೋಡಿ ಅಂದ್ರು. ಶೇ 15 ಸೇರ್ಸಿದ್ವಿ, ನೆಂದಿದ್ದು 131ಕ್ಕೆ ಬಂತು.

ಬಿಸಿ ಮಿಕ್ಸಿಗೆ ರ‍್ಯಾಪ್ ಹಾಕೋರಾದ್ರೆ ಹಳೇ ಡಾಂಬರನ್ನ ಬೇರ್ಪಡಿಸಿ ಎಷ್ಟು ಗಟ್ಟಿ ಆಗಿದೆ ಅಂತಾನೂ ಇಲ್ಲಿ ನೋಡ್ಕೊಡ್ತಾರೆ, ನಾನು ಮಾಡ್ಸಿಲ್ಲ. ಎಲ್ಲಿಗೇ ಕೊಟ್ರೂ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡೋ ಸಂಸ್ಥೆ) ಬೋರ್ಡ್ ಇದೆ ಅಂತ ಮಾತ್ರಕ್ಕೆ ನಂಬ್ಬೇಡಿ, ಯಾವ ಟೆಸ್ಟ್‌ಗಳಿಗೆ ಮಾನ್ಯತೆ ಇದೆ ಅನ್ನೋ ಸ್ಕೋಪ್ ಪಟ್ಟಿಯಲ್ಲಿ ನಿಮ್ಗೆ ಬೇಕಾದ ಟೆಸ್ಟ್ ಇದೆಯಾ ಕೇಳಿ ನೋಡಿ.

ತೊಂದ್ರೆ ಅಂದ್ರೆ ಟೈಮು, ಒಂದು ವಾರ ಹಿಡಿಯುತ್ತೆ, ಅಲ್ಲಿವರೆಗೂ ಲೇಯರ್ ಹಾಕೋ ಮಷಿನ್ನು ಪೇವರ್ ನಿಂತ್ರೆ ಮ್ಯಾನೇಜರ್ ಬೈತಾರೆ. ಅದಕ್ಕೇ ಈಗ ರಾಶಿಗೆ ಟಾರ್ಪಾಲ್ ಮುಚ್ಚಿ ಮುಂದಿನ 2 ಕಿಮೀಗೆ ಬೇಕಾದ ಸ್ಯಾಂಪಲ್ ಮೊದ್ಲೇ ಕಳಿಸ್ತಿದೀನಿ, ಸೋಮವಾರ ಇನ್ನೊಂದು ಚೀಲ ಹೋಗುತ್ತೆ.